ಪಾದವೈದ್ಯಕ್ಕೆ ಯಾವ ಶಾಲೆ?



ಪಾದವೆಂಬ ಮಾತಿಗೆ ನಮ್ಮಲ್ಲಿ ಗೌರವ ಬಹಳ. ಹಿರಿಯರ ಪಾದಕ್ಕೆ ನಮಸ್ಕರಿಸುತ್ತೇವೆ. ಭರತನು ಅಣ್ಣನ ಪಾದುಕೆಗಳನ್ನು ಸಿಂಹಾಸನದ ಮೇಲಿಟ್ಟು ರಾಜ್ಯವಾಳಿದನೆಂದು ಓದಿ ಕಣ್ಣು ಒದ್ದೆ ಮಾಡಿಕೊಳ್ಳುತ್ತೇವೆ. ಪದ್ಯದ ಒಂದು ಸಾಲಿಗೂ ಪಾದವೆಂದೇ ಹೆಸರು. ಆದರೆ ಗೌರವ ಬೇರೆ, ಆರೈಕೆ ಬೇರೆ. ಹಲ್ಲು ನೊಂದರೆ ದಂತವೈದ್ಯರಲ್ಲಿಗೆ, ಕಣ್ಣು ಮಂಜಾದರೆ ನೇತ್ರವೈದ್ಯರಲ್ಲಿಗೆ ಹೋಗಲು ಕಲಿತ ನಾವು, ಪಾದ ನೊಂದಾಗ ಹರಳೆಣ್ಣೆ ಸವರಿಕೊಂಡು ಮಲಗುತ್ತೇವೆ. ಮೈಯ ಭಾರವನ್ನೆಲ್ಲ ಹೊತ್ತ ಅಂಗಕ್ಕೆ ಪ್ರತ್ಯೇಕವಾದ ಒಬ್ಬ ವೈದ್ಯನಿರಬಹುದೆಂಬ ಕಲ್ಪನೆಯೇ ನಮ್ಮಲ್ಲಿ ಇತ್ತೀಚಿನದು.

ಈಚೆಗೆ ಶೃಂಗೇರಿ ಸೀಮೆಯ ಕೆರೆಕಟ್ಟೆ ಕಡೆಯ ಗೃಹಸ್ಥರೊಬ್ಬರು ನನ್ನನ್ನು ಕೇಳಿದರು: “ನಮ್ಮ ಹುಡುಗಿ ಶಾಲೆಯಲ್ಲಿ ಚೆನ್ನಾಗಿ ಓಡುತ್ತಿದ್ದಳು. ಪಾದದ ಎಲುಬು ಬಿರುಕು ಬಿಟ್ಟು ಒಂದು ವರ್ಷ ಕೂತಳು. ಈಗ ಆಟಗಾರರ ಕಾಲು ನೋಡುವ ಡಾಕ್ಟರೇ ಆಗುತ್ತೇನೆ ಎನ್ನುತ್ತಾಳೆ. ಅಮೆರಿಕದಲ್ಲಿ ಅದಕ್ಕೆ ಬೇರೆ ಕಾಲೇಜುಗಳೇ ಉಂಟಂತೆ. ಯಾವುದಕ್ಕೆ ಸೇರಿಸಬಹುದು ಹೇಳಿ ಮಾರಾಯರೆ, ತೋಟದ ಮೇಲೆ ಸಾಲ ತೆಗೆಯಬೇಕು.” ಶೃಂಗೇರಿ, ಕೊಪ್ಪ, ನರಸಿಂಹರಾಜಪುರಗಳ ಅಡಕೆ ತೋಟಗಳನ್ನು ಹಳದಿ ಎಲೆ ರೋಗ ಹೇಗೆ ಬೋಳು ಮಾಡುತ್ತ ಬಂದಿದೆಯೆಂದು ಬಲ್ಲವರಿಗೆ ಆ ಕೊನೆಯ ಮಾತಿನ ತೂಕ ತಿಳಿದೀತು. ಉಳಿದಷ್ಟು ತೋಟವನ್ನು ಒಂದು ಕಾಲೇಜಿನ ಹೆಸರಿನ ಮೇಲೆ ಪಣವಿಡುವ ಪ್ರಶ್ನೆ ಅದು. ಇಂಥ ಪ್ರಶ್ನೆ ಇನ್ನೂ ಕೆಲವು ಮನೆಗಳಲ್ಲಿ ಎದ್ದಿರಬಹುದು. ಆದ್ದರಿಂದ ಉತ್ತರವನ್ನು ಎಲ್ಲರ ಮುಂದೆಯೇ ಹೇಳುವುದು ಒಳ್ಳೆಯದೆಂದು ತೋರಿತು.

ಮೊದಲು ವಿದ್ಯೆಯ ಸ್ವರೂಪವನ್ನು ನೋಡೋಣ. ಇಂಗ್ಲಿಷಿನಲ್ಲಿ ಇದಕ್ಕೆ ಪೋಡಿಯಾಟ್ರಿ ಎನ್ನುತ್ತಾರೆ. ಗ್ರೀಕರ ‘ಪೊಡೋಸ್’ ಎಂಬ ಶಬ್ದವೂ ನಮ್ಮ ಸಂಸ್ಕೃತದ ‘ಪಾದ’ವೂ ಒಂದೇ ಬೇರಿನ ಚಿಗುರುಗಳು, ‘ಇಯಾತ್ರೋಸ್’ ಎಂದರೆ ವೈದ್ಯ. ಪಾದವೈದ್ಯವೆಂದರೆ ಅರ್ಥ ಸರಿಹೋಯಿತು. ಒಂದೊಂದು ಪಾದದಲ್ಲಿ 26 ಎಲುಬುಗಳು, 33 ಕೀಲುಗಳು. ಅವನ್ನು ಬಿಗಿದು ಆಡಿಸುವ ಸ್ನಾಯು, ಸ್ನಾಯುರಜ್ಜು, ಕಟ್ಟುಗಳು ನೂರಕ್ಕೂ ಮೇಲೆ. ಓಡುವಾಗ ಪ್ರತಿ ಹೆಜ್ಜೆಯಲ್ಲೂ ಮೈತೂಕದ ಎರಡು ಮೂರು ಪಟ್ಟು ಭಾರ ಈ ಸಣ್ಣ ಕಟ್ಟಡದ ಮೇಲೆ ಬೀಳುತ್ತದೆ. ನೆಲ ಮುಟ್ಟುವಾಗ ಪಾದ ಸಡಿಲಗೊಂಡು ಹೊಡೆತವನ್ನು ನುಂಗಬೇಕು. ಮರುಕ್ಷಣ ನೆಲ ಬಿಡುವಾಗ ಬಿಗಿಯಾಗಿ ಸನ್ನೆಗೋಲಿನಂತೆ ಮೈಯನ್ನು ಮುಂದಕ್ಕೆ ತಳ್ಳಬೇಕು. ಹೆಬ್ಬೆರಳು ಮೇಲಕ್ಕೆ ಮಡಿದೊಡನೆ ಅಂಗಾಲಿನ ಅಡಿಯ ದಪ್ಪ ಪೊರೆ ರಾಟೆಗೆ ಸುತ್ತಿದ ಹಗ್ಗದಂತೆ ಎಳೆದುಕೊಂಡು ಪಾದದ ಕಮಾನನ್ನು ಎತ್ತರಿಸುತ್ತದೆ. ಈ ಉಪಾಯವನ್ನು ಹಿಕ್ಸ್ ಎಂಬ ವಿದ್ವಾಂಸರು 1954ರಲ್ಲಿ ವಿವರಿಸಿದರು. ಓಟಗಾರರ ಹಿಮ್ಮಡಿ ನೋವು, ಎಲುಬಿನ ಸಣ್ಣ ಬಿರುಕು, ಸ್ನಾಯುರಜ್ಜುವಿನ ಬಾವು ಇವೆಲ್ಲ ಬಹುಮಟ್ಟಿಗೆ ಈ ಸಡಿಲ ಬಿಗಿಗಳ ತಾಳ ತಪ್ಪಿದಾಗ ಹುಟ್ಟುವ ಕಷ್ಟಗಳು; ಇಲ್ಲವೆ, ತಾಳ ಸರಿಯಿದ್ದೂ ದುಡಿಮೆ ಅತಿಯಾದಾಗ ಬರುವಂಥವು. ದಿನದಿನದ ಸಣ್ಣ ಹೊಡೆತವನ್ನು ಎಲುಬು ರಾತ್ರಿಯ ವಿಶ್ರಾಂತಿಯಲ್ಲಿ ದುರಸ್ತಿ ಮಾಡಿಕೊಳ್ಳುತ್ತದೆ. ದುರಸ್ತಿಗಿಂತ ಹೊಡೆತ ಹೆಚ್ಚಾದರೆ ಬಿರುಕು.

ಈ ಅಂಗವನ್ನು ಕುರಿತ ಜ್ಞಾನವೆಲ್ಲ ಪಶ್ಚಿಮದಿಂದಲೇ ಬಂದಿತೆಂದು ಭಾವಿಸಬೇಕಾಗಿಲ್ಲ. ಅದರ ಒಂದು ಮುಖ್ಯ ಅಧ್ಯಾಯ ಬರೆಯಲ್ಪಟ್ಟದ್ದು ನಮ್ಮ ನೆರೆಯಲ್ಲೇ, ತಮಿಳುನಾಡಿನ ವೆಲ್ಲೂರಿನಲ್ಲಿ. 1914ರಲ್ಲಿ ಕೊಲ್ಲಿಮಲೆಯಲ್ಲಿ ಹುಟ್ಟಿದ ಡಾಕ್ಟರ್ ಪಾಲ್ ಬ್ರ್ಯಾಂಡ್ ಅವರು 1946ರಲ್ಲಿ ಅಲ್ಲಿಗೆ ಬಂದು, ಮುಂದೆ ಕುಷ್ಠರೋಗಿಗಳ ಕೈಕಾಲುಗಳನ್ನು ನೋಡತೊಡಗಿದರು. ಕುಷ್ಠದಿಂದ ಮಾಂಸವೇ ಕೊಳೆತು ಬೆರಳುಗಳು ಉದುರುತ್ತವೆ ಎಂಬುದು ಅಂದಿನ ನಂಬಿಕೆ. ನೋವೆಂಬ ಕಾವಲುಗಾರ ಇಲ್ಲವಾದ ಪಾದ, ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬೀಳುವ ಒತ್ತಡದಿಂದ ಹುಣ್ಣಾಗುತ್ತದೆಂದು ಅವರೂ ಅವರ ಸಂಗಡಿಗರೂ ತೋರಿಸಿಕೊಟ್ಟರು. ಅದಕ್ಕೆ ಮದ್ದಾಗಿ ಸಣ್ಣ ರಂಧ್ರಗಳ ಮೆತ್ತನೆಯ ರಬ್ಬರಿನ ಚಪ್ಪಲಿ ಬಂದಿತು. 1966ರಲ್ಲಿ ಬ್ರ್ಯಾಂಡ್ ಅಮೆರಿಕದ ಲೂಸಿಯಾನಾಕ್ಕೆ ಹೋದಾಗ ಈ ತಿಳಿವಳಿಕೆ ಅವರೊಡನೆ ಹೋಯಿತು. ಸಕ್ಕರೆ ಕಾಯಿಲೆಯವರ ಪಾದಗಳನ್ನು ಕತ್ತರಿಯಿಂದ ಉಳಿಸುವ ಚಿಕಿತ್ಸೆಗೆ ಅಡಿಪಾಯವಾಯಿತು. ಇನ್ನೊಂದು ಅಧ್ಯಾಯ ಜೈಪುರದ್ದು. 1968ರಲ್ಲಿ ರಾಮಚಂದ್ರ ಶರ್ಮ ಎಂಬ ಕುಶಲಕರ್ಮಿ ಮತ್ತು ಡಾಕ್ಟರ್ ಪಿ. ಕೆ. ಸೇಠಿ ಸೇರಿ ರೂಪಿಸಿದ ಕೃತಕ ಪಾದ, ಚಕ್ಕಲಮಕ್ಕಲ ಹಾಕಿ ಕೂರುವ, ಬರಿಗಾಲಿನಲ್ಲಿ ಗದ್ದೆಗಿಳಿಯುವ ಭಾರತೀಯನನ್ನು ಕಣ್ಮುಂದೆ ಇಟ್ಟುಕೊಂಡು ಹುಟ್ಟಿದ್ದು. ಪಾದವೈದ್ಯ ಕಲಿಯಬಯಸುವವರು ಈ ಎರಡು ಕಥೆಗಳನ್ನು ಮೊದಲು ತಿಳಿದಿರಬೇಕು. ಪಾದವನ್ನು ನೋಡುವುದೆಂದರೆ ಅದು ತುಳಿಯುವ ನೆಲವನ್ನೂ ನೋಡುವುದು ಎಂಬ ಪಾಠ ಅಲ್ಲಿದೆ.

ಇನ್ನು ಕಾಲೇಜಿನ ವಿಷಯ. ಅಮೆರಿಕದಲ್ಲಿ ಪಾದವೈದ್ಯವು ದಂತವೈದ್ಯದ ಹಾಗೆ ತನ್ನದೇ ಆದ ಪ್ರತ್ಯೇಕ ವೃತ್ತಿ. ನ್ಯೂಯಾರ್ಕಿನ ಶಾಲೆ 1911ರಷ್ಟು ಹಳೆಯದು. ಷಿಕಾಗೋ, ಸ್ಯಾನ್ ಫ್ರಾನ್ಸಿಸ್ಕೋ ಕಡೆಯ ಶಾಲೆಗಳು ಅದರ ಬೆನ್ನಿಗೇ ಹುಟ್ಟಿದವು. ಇಂದು ಅಲ್ಲಿರುವ ಇಂಥ ಕಾಲೇಜುಗಳು ಎಲ್ಲ ಸೇರಿ ಹನ್ನೊಂದರ ಆಸುಪಾಸು. ಮೊದಲು ಒಂದು ಪದವಿ, ಬಳಿಕ ಪ್ರವೇಶ ಪರೀಕ್ಷೆ, ಆಮೇಲೆ ನಾಲ್ಕು ವರ್ಷದ ಪಾದವೈದ್ಯ ವ್ಯಾಸಂಗ, ಅನಂತರ ಆಸ್ಪತ್ರೆಯಲ್ಲಿ ಮೂರು ವರ್ಷದ ತರಬೇತಿ. ಪದವಿಯನ್ನೂ ಸೇರಿಸಿದರೆ ಹತ್ತು ಹನ್ನೊಂದು ವರ್ಷದ ತಪಸ್ಸು. ಇಷ್ಟನ್ನೂ ಮುಗಿಸಿದವರು ಪಾದ ಮತ್ತು ಹರಡಿಗೆ ಶಸ್ತ್ರಚಿಕಿತ್ಸೆಯನ್ನೂ ಮಾಡಬಲ್ಲರು. ಇಂಗ್ಲೆಂಡಿನ ಕ್ರಮ ಬೇರೆ. ಅಲ್ಲಿ ಪ್ರೌಢಶಿಕ್ಷಣದ ಬೆನ್ನಿಗೇ ಮೂರು ವರ್ಷದ ಪದವಿ. ಅದಾದ ಮೇಲೆ ಸರಕಾರ ನೇಮಿಸಿದ ಮಂಡಳಿಯಲ್ಲಿ ಹೆಸರು ನೋಂದಾಯಿಸಿ ವೃತ್ತಿ ಹಿಡಿಯಬಹುದು. ಶಸ್ತ್ರಚಿಕಿತ್ಸೆಗೆ ಮತ್ತೆ ಹಲವು ವರ್ಷ ಓದಬೇಕು. ಆಸ್ಟ್ರೇಲಿಯಾದ ದಾರಿಯೂ ಹೆಚ್ಚುಕಡಮೆ ಹೀಗೆಯೇ. ಒಂದೇ ಹೆಸರಿನ ವೃತ್ತಿ ಒಂದೊಂದು ದೇಶದಲ್ಲಿ ಒಂದೊಂದು ಅಧಿಕಾರವುಳ್ಳದ್ದು ಎಂಬುದನ್ನು ಮರೆಯಬಾರದು.

ಆದ್ದರಿಂದ ಕಾಲೇಜನ್ನು ಆರಿಸುವವರು ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ: ಓದು ಮುಗಿಸಿ ನಾನು ಎಲ್ಲಿ ಬಾಳಬೇಕೆಂದಿದ್ದೇನೆ? ವೈದ್ಯವಿದ್ಯೆ ಸಂಗೀತದ ಹಾಗಲ್ಲ. ಇಲ್ಲಿ ಕಲಿತ ರಾಗವನ್ನು ಎಲ್ಲಿಯಾದರೂ ಹಾಡಬಹುದು. ಅಲ್ಲಿ ಪಡೆದ ಪರವಾನಗಿ ಆ ನೆಲದ ಕಾನೂನಿನೊಳಗೆ ಮಾತ್ರ ಜೀವಂತ. ಅಮೆರಿಕದ ಪಾದವೈದ್ಯ ಪದವಿ ನಮ್ಮ ಎಂ.ಬಿ.ಬಿ.ಎಸ್.ಗೆ ಸಮನಲ್ಲ. ಅದನ್ನು ಹೊತ್ತು ತಂದವರು ಇಲ್ಲಿ ಚಾಕು ಹಿಡಿಯುವ ವೈದ್ಯರೆಂದು ನೋಂದಣಿ ಪಡೆಯಲಾರರು. ಅಲ್ಲಿಯೇ ಹುಟ್ಟಿ ಬೆಳೆದ ಕನ್ನಡಿಗರ ಮಕ್ಕಳಿಗೆ ಆ ದಾರಿ ನೇರವಾದದ್ದು, ಗೌರವದ್ದು. ಆದರೆ ಮಲೆನಾಡಿಗೋ ಬೆಂಗಳೂರಿಗೋ ಹಿಂದಿರುಗಬೇಕೆಂಬ ಹುಡುಗಿಗೆ, ಆ ದೂರದ ಕಾಲೇಜು ಎಷ್ಟೇ ಒಳ್ಳೆಯದಾಗಿರಲಿ, ಹೊಳೆಯ ಆಚೆ ದಡದಲ್ಲಿ ಕಟ್ಟಿದ ಮನೆಯಾದೀತು.

ಎರಡನೆಯ ಪ್ರಶ್ನೆ: ಕಾಲೇಜು ಮುಗಿದ ಮೇಲಿನ ಮೂರು ವರ್ಷದ ಆಸ್ಪತ್ರೆ ತರಬೇತಿಗೆ ಜಾಗ ಉಂಟೆ? 2010ರ ದಶಕದ ಮೊದಲರ್ಧದಲ್ಲಿ ಅಮೆರಿಕದಲ್ಲಿ ತೇರ್ಗಡೆಯಾದವರ ಸಂಖ್ಯೆಗಿಂತ ತರಬೇತಿಯ ಸ್ಥಾನಗಳು ಕಡಮೆಯಾಗಿ, ಸಾಲ ಮಾಡಿ ಓದಿದ ಹಲವರು ಬಾಗಿಲ ಹೊರಗೆ ನಿಲ್ಲಬೇಕಾಯಿತು. ಅನಂತರ ಪರಿಸ್ಥಿತಿ ಸುಧಾರಿಸಿತು. ಆದರೂ ಕಾಲೇಜಿನ ಕಟ್ಟಡದ ಚಿತ್ರಗಳನ್ನು ನೋಡುವ ಮೊದಲು, ಅಲ್ಲಿ ಸೇರಿದವರಲ್ಲಿ ಎಷ್ಟು ಮಂದಿ ಮುಗಿಸಿದರು, ಪರವಾನಗಿ ಪರೀಕ್ಷೆಯಲ್ಲಿ ಎಷ್ಟು ಮಂದಿ ಮೊದಲ ಸಲವೇ ಗೆದ್ದರು, ಎಷ್ಟು ಮಂದಿಗೆ ಆಸ್ಪತ್ರೆ ಸಿಕ್ಕಿತು ಎಂಬ ಮೂರು ಲೆಕ್ಕಗಳನ್ನು ಕೇಳಿ ಪಡೆಯಬೇಕು. ಪರದೇಶದ ವಿದ್ಯಾರ್ಥಿಗೆ ಅಲ್ಲಿ ದುಡಿಯಲು ವೀಸಾ ದೊರೆಯುತ್ತದೆಯೆ, ನಮ್ಮ ವಿಶ್ವವಿದ್ಯಾಲಯದ ಪದವಿಯನ್ನು ಅವರು ಒಪ್ಪುತ್ತಾರೆಯೆ, ಇವನ್ನೂ ಬರವಣಿಗೆಯಲ್ಲಿಯೇ ಕೇಳಬೇಕು. ವರ್ಷದ ಬೋಧನಾ ಶುಲ್ಕವೇ ಹತ್ತಾರು ಸಾವಿರ ಡಾಲರು. ಊಟ ವಸತಿ ಬೇರೆ. ತೋಟದ ಸಾಲಕ್ಕೆ ಬಡ್ಡಿ ರೂಪಾಯಿಯಲ್ಲಿ ಏರುತ್ತದೆ; ತೀರಿಸುವ ಡಾಲರು ಬರುವುದು ಹತ್ತು ವರ್ಷದ ಮೇಲೆ, ಬಂದರೆ.

ಮೂರನೆಯದು, ಎಲ್ಲಕ್ಕಿಂತ ಹೆಚ್ಚು ಮರೆತುಹೋಗುವ ಪ್ರಶ್ನೆ: ಈ ವೃತ್ತಿಯಲ್ಲಿ ದಿನಬೆಳಗಾದರೆ ಎದುರಿಗೆ ಬರುವವರು ಯಾರು? ಆಟಗಾರರ ಪಾದ ನೋಡಬೇಕೆಂದು ಹೋದವರ ಮುಂದೆ ನಿತ್ಯವೂ ಕೂರುವವರು ಬಹುಪಾಲು ಮುದುಕರು, ಸಕ್ಕರೆ ಕಾಯಿಲೆಯವರು, ಆಣಿ ಬಿದ್ದವರು, ಉಗುರು ಒಳಕ್ಕೆ ಬೆಳೆದವರು. ಅಮೆರಿಕದಲ್ಲಿ ಕ್ರೀಡಾ ಪಾದವೈದ್ಯರದೇ ಒಂದು ಅಕಾಡೆಮಿ 1970ರಲ್ಲಿ ಸ್ಥಾಪನೆಯಾಯಿತು. 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಫ್ರ್ಯಾಂಕ್ ಷಾರ್ಟರ್ ಮ್ಯಾರಥಾನ್ ಗೆದ್ದ ಮೇಲೆ ಆ ದೇಶವೇ ಓಡತೊಡಗಿ, ನೊಂದ ಹಿಮ್ಮಡಿಗಳಿಗೆ ಬರವಿಲ್ಲದಾಯಿತು. ಆದರೂ ಬರಿಯ ಆಟಗಾರರಿಂದಲೇ ಜೀವನ ಸಾಗಿಸುವ ಪಾದವೈದ್ಯರು ಅಲ್ಲಿಯೂ ಕಡಮೆ. ಇದರಲ್ಲಿ ನಿರಾಶೆಪಡುವಂಥದೇನೂ ಇಲ್ಲ. ವೇಗದ ಓಟಗಾರ್ತಿಯ ಬಿರುಕುಬಿಟ್ಟ ಎಲುಬೂ, ಮುದುಕಿಯ ಅಂಗಾಲಿನ ಹುಣ್ಣೂ ಒತ್ತಡ ತಪ್ಪಾದ ಕಡೆ ಬಿದ್ದದ್ದರ ಫಲವೇ. ಒಂದನ್ನು ಬಲ್ಲವರಿಗೆ ಇನ್ನೊಂದು ತಿಳಿಯುತ್ತದೆ. ಮುದುಕಿಯ ಪಾದವನ್ನು ಬೇಸರದಿಂದ ಹಿಡಿಯುವವರಿಗೆ ಓಟಗಾರ್ತಿಯ ಪಾದವೂ ಕೊನೆಗೆ ಒಲಿಯದು.

ಇಷ್ಟು ಹೇಳಿ, ನಮ್ಮ ನಾಡಿನಲ್ಲಿರುವ ದಾರಿಗಳನ್ನು ನೋಡೋಣ. ಅಮೆರಿಕದ ಮಾದರಿಯ ಪ್ರತ್ಯೇಕ ಪಾದವೈದ್ಯ ಕಾಲೇಜು ನಮ್ಮಲ್ಲಿ ಬೆಳೆದಿಲ್ಲ. ಆದರೆ 2021ರಲ್ಲಿ ಸಂಸತ್ತು ಅಂಗೀಕರಿಸಿದ ಆರೋಗ್ಯ ಸಹಾಯಕ ವೃತ್ತಿಗಳ ಆಯೋಗದ ಕಾಯಿದೆಯ ಅನುಸೂಚಿಯಲ್ಲಿ ಪೋಡಿಯಾಟ್ರಿಸ್ಟ್ ಎಂಬ ಹೆಸರು ಸೇರಿದೆ. ಹೆಸರು ಸೇರಿದ ಮಾತ್ರಕ್ಕೆ ಶಾಲೆ ಹುಟ್ಟಿದಂತಾಗಲಿಲ್ಲ. ಬಾಗಿಲಿಗೆ ಚೌಕಟ್ಟು ನಿಂತಿತು ಎನ್ನಬಹುದು. ಇಂದಿಗೆ ನಡೆಯಬಲ್ಲ ದಾರಿಗಳು ಮೂರು.

ಮೊದಲನೆಯದು ಎಂ.ಬಿ.ಬಿ.ಎಸ್. ದಾರಿ. ಐದೂವರೆ ವರ್ಷದ ಆ ಓದಿನ ಮೇಲೆ ಮೂರು ವರ್ಷ ಎಲುಬು ಶಸ್ತ್ರವೈದ್ಯವನ್ನೋ ಕ್ರೀಡಾವೈದ್ಯವನ್ನೋ ಓದಿ, ಬಳಿಕ ಪಾದ ಮತ್ತು ಹರಡಿನ ವಿಶೇಷ ತರಬೇತಿ ಪಡೆಯುವುದು. ಕ್ರೀಡಾವೈದ್ಯದ ಬೋಧನೆಗೆ ಪಟಿಯಾಲದ ನೇತಾಜಿ ಸುಭಾಷ್ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಹಳೆಯ ಹೆಸರು. ದಿಲ್ಲಿಯ ಸಫ್ದರ್‌ಜಂಗ್ ಆಸ್ಪತ್ರೆಯಲ್ಲಿ 2010ರ ಕಾಮನ್‌ವೆಲ್ತ್ ಕ್ರೀಡಾಕೂಟದ ವೇಳೆಗೆ ಕ್ರೀಡಾ ಗಾಯಗಳ ಕೇಂದ್ರ ತೆರೆಯಿತು. ಶಸ್ತ್ರ ಹಿಡಿಯಬೇಕೆಂಬ ಆಸೆಯುಳ್ಳವರಿಗೆ ಈ ನಾಡಿನಲ್ಲಿ ಇದೊಂದೇ ದಾರಿ. ಬಾಗಿಲು ಕಿರಿದು, ನೂಕುನುಗ್ಗಲು ಹೆಚ್ಚು.

ಎರಡನೆಯದು ಫಿಸಿಯೋಥೆರಪಿ. ಪದವಿ, ಅದರ ಮೇಲೆ ಕ್ರೀಡಾ ವಿಭಾಗದಲ್ಲಿ ಎರಡು ವರ್ಷದ ಸ್ನಾತಕೋತ್ತರ ಓದು. ಮಣಿಪಾಲ, ಮಂಗಳೂರು, ಬೆಂಗಳೂರುಗಳಲ್ಲಿ ಈ ವ್ಯಾಸಂಗಕ್ಕೆ ಅವಕಾಶವಿದೆ. ಮೈದಾನದ ಅಂಚಿನಲ್ಲಿ ಆಟಗಾರನ ಜೊತೆಗೆ ದಿನವೂ ಇರುವವರು, ಅವನ ನಡಿಗೆ ಓಟಗಳನ್ನು ಕಣ್ಣಾರೆ ಕಂಡು ತಿದ್ದುವವರು ಮುಖ್ಯವಾಗಿ ಇವರೇ. ಮೂರನೆಯದು ಕೃತಕ ಅಂಗ ಮತ್ತು ಆಧಾರ ಸಾಧನಗಳ ವಿದ್ಯೆ. ಬೂಟಿನೊಳಗಿನ ಅಚ್ಚು, ಹರಡಿನ ಪಟ್ಟಿ, ಕೃತಕ ಪಾದ ಇವನ್ನು ಅಳೆದು ರೂಪಿಸುವ ಈ ಪದವಿಯನ್ನು ಬೆಂಗಳೂರಿನಲ್ಲಿ ಮೊಬಿಲಿಟಿ ಇಂಡಿಯಾ ಸಂಸ್ಥೆ ಕಲಿಸುತ್ತದೆ. ಕೈಕುಶಲತೆಯುಳ್ಳ ಮಕ್ಕಳಿಗೆ ಇದು ಒಪ್ಪುವ ವಿದ್ಯೆ. ಆದರೂ ನಮ್ಮವರ ಕಣ್ಣಿಗೆ ಬೀಳುವುದು ವಿರಳ.

ಈ ಮೂರರಲ್ಲಿ ಯಾವುದನ್ನೇ ಹಿಡಿದವರೂ ಪಾದವನ್ನೇ ವಿಶೇಷವಾಗಿ ಕಲಿಯಲು ಆಮೇಲೆ ತಾಣಗಳುಂಟು. ಬೆಂಗಳೂರಿನ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಅಂಡ್ ರಿಸರ್ಚ್ ಎಂಬ ಸರಕಾರದ ಸಂಸ್ಥೆಯಲ್ಲಿ ಪಾದವೈದ್ಯಕ್ಕೆಂದೇ ವಿಭಾಗವಿದೆ. ಮಣಿಪಾಲದಲ್ಲಿ ಸಕ್ಕರೆ ಕಾಯಿಲೆಯವರ ಪಾದದ ಆರೈಕೆಗೂ ಸಂಶೋಧನೆಗೂ ಮೀಸಲಾದ ಕೇಂದ್ರವಿದೆ. ಕೆರೆಕಟ್ಟೆಯವರಿಗೆ ಮಣಿಪಾಲ ದೂರದ ಊರೇನಲ್ಲ. ಕುದುರೆಮುಖದ ಕಾಡಿನ ಅಂಚು ಹಿಡಿದು, ಮಾಳದ ಘಟ್ಟವಿಳಿದು, ಬಜಗೋಳಿ ಕಾರ್ಕಳ ದಾಟಿದರೆ ಬರುವ ಊರು. ಮನೆಯಲ್ಲಿ ಯಾರಿಗಾದರೂ ಕಾಯಿಲೆ ಹೆಚ್ಚಾದಾಗ ಘಟ್ಟದ ಮೇಲಿನವರು ಹಿಡಿಯುವ ದಾರಿಯೇ ಅದು.

ಶಾಲೆಯ ಮಾತು ಇಷ್ಟಾಯಿತು. ಆದರೆ ಕಟ್ಟಡದೊಳಗೆ ದೊರೆಯದ ಒಂದು ವಿದ್ಯೆಯೂ ಉಂಟು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ನಮ್ಮ ಫುಟ್‌ಬಾಲ್ ತಂಡದ ಹೆಚ್ಚಿನವರು ಬರಿಗಾಲಿನಲ್ಲಿ ಆಡಿ, ಫ್ರಾನ್ಸಿಗೆ ಬರಿಯ 2–1ರಿಂದ ಸೋತರು. 1960ರಲ್ಲಿ ರೋಮಿನ ಬೀದಿಗಳಲ್ಲಿ ಇಥಿಯೋಪಿಯದ ಅಬೆಬೆ ಬಿಕಿಲ ಬರಿಗಾಲಿನಲ್ಲೇ ಮ್ಯಾರಥಾನ್ ಓಡಿ ಚಿನ್ನ ಗೆದ್ದರು. ಹುಟ್ಟಿನಿಂದ ಬರಿಗಾಲಿನಲ್ಲಿ ಓಡಿ ರೂಢಿಯಾದವರು ಹಿಮ್ಮಡಿಯ ಬದಲು ಪಾದದ ಮುಂಭಾಗವನ್ನೋ ಮಧ್ಯಭಾಗವನ್ನೋ ಮೊದಲು ಊರುತ್ತಾರೆ, ಆದ್ದರಿಂದ ನೆಲದ ಮೊದಲ ಹೊಡೆತ ತಗ್ಗುತ್ತದೆ ಎಂದು ಹಾರ್ವರ್ಡಿನ ಡ್ಯಾನಿಯಲ್ ಲೀಬರ್‌ಮನ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದರು. ಅದಕ್ಕೆ ಅವರು ಕೀನ್ಯದವರೆಗೆ ಹೋಗಿದ್ದರು. ನಮ್ಮಲ್ಲಿಯಾದರೋ, ಘಟ್ಟದ ಕೆಳಗಿನ ಕಂಬಳದ ಕರೆಗಳಲ್ಲಿ ಕೆಸರು ಚಿಮ್ಮಿಸುತ್ತ ಕೋಣಗಳ ಹಿಂದೆ ಓಡುವವರ ಪಾದಗಳಿವೆ. 2020ರ ಫೆಬ್ರುವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ದೇಶವೆಲ್ಲ ಅವರ ವೇಗವನ್ನು ಕೊಂಡಾಡಿತು. ಆ ಕೆಸರಿನಲ್ಲಿ ಪಾದದ ಬೆರಳುಗಳು ಹೇಗೆ ಹಿಡಿತ ಕಂಡುಕೊಂಡವು ಎಂದು ಕೇಳಿದವರು ಎಷ್ಟು ಮಂದಿ?

ಘಟ್ಟದ ಮೇಲೆಯೂ ಅಂಥ ಪಾಠಶಾಲೆಯಿದೆ. ಮಳೆಗಾಲದಲ್ಲಿ ಮಳೆಯ ಅಳತೆಯ ಜೊತೆಗೆ ಪತ್ರಿಕೆಯಲ್ಲಿ ಹೆಸರು ಬರುವ ಊರು ಕೆರೆಕಟ್ಟೆ. ಅಲ್ಲಿ ಕಾಲುಸಂಕ ದಾಟಿ ಶಾಲೆಗೆ ಹೋಗುವ ಮಕ್ಕಳಿದ್ದಾರೆ. ಕಾಲಿಗೆ ಹಗ್ಗದ ತಳೆ ಸಿಕ್ಕಿಸಿಕೊಂಡು ಪಾಚಿಗಟ್ಟಿದ ಅಡಕೆ ಮರ ಏರುವವರಿದ್ದಾರೆ. ದಿನವೆಲ್ಲ ಕೆಸರಿನಲ್ಲಿ ನಿಂತು ಬೆರಳ ಸಂದು ಹುಣ್ಣಾದ ಹೆಂಗಸರಿದ್ದಾರೆ. ಮರ ಏರುವವನ ಅಂಗಾಲಿನ ಕಮಾನಿನ ಮೇಲೆ ಬೀಳುವ ಭಾರ ಯಾವ ಓಟಗಾರನದಕ್ಕೆ ಕಡಮೆ? ಅವನಿಗೆ ಹರಡು ಉಳುಕಿದರೆ ಆ ವರ್ಷದ ಸುಗ್ಗಿಯೇ ಉಳುಕುತ್ತದೆ. ಕ್ರೀಡಾವೈದ್ಯವೆಂದರೆ ಪದಕ ಗೆಲ್ಲುವವರ ಸೇವೆ ಮಾತ್ರವೆಂದುಕೊಂಡರೆ ಆ ವಿದ್ಯೆ ಬಡವಾಗುತ್ತದೆ. ಮೈಯನ್ನು ಅದರ ಎಲ್ಲೆಯವರೆಗೆ ದುಡಿಸುವ ಎಲ್ಲರಿಗೂ ಸಲ್ಲುವ ವಿದ್ಯೆ ಅದು.

ಪದಕ ಗೆಲ್ಲುವವರೂ ಇಂಥ ಊರುಗಳಿಂದಲೇ ಬರುತ್ತಿದ್ದಾರೆ. ಸಿದ್ದಾಪುರದ ಸಮೀಪದ ಹಳ್ಳಿಯ ಅಶ್ವಿನಿ ಅಕ್ಕುಂಜಿ 2010ರ ಗ್ವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಚಿನ್ನ ಗೆದ್ದರು. ನಮ್ಮ ಚಿಕ್ಕಮಗಳೂರು ಜಿಲ್ಲೆಯವರೇ ಆದ ರಕ್ಷಿತಾ ರಾಜು, ದೃಷ್ಟಿಯಿಲ್ಲದೆಯೂ, 2018ರಲ್ಲಿ ಜಕಾರ್ತದ ಏಷ್ಯನ್ ಪ್ಯಾರಾ ಕ್ರೀಡಾಕೂಟದ 1500 ಮೀಟರ್ ಓಟದಲ್ಲಿ ಚಿನ್ನ ತಂದರು. ಕಣ್ಣಿನ ಸಹಾಯವಿಲ್ಲದೆ ಓಡುವವರಿಗೆ ನೆಲದ ಸುದ್ದಿ ತರುವುದು ಪಾದವೇ ಅಲ್ಲವೆ? ಇವರ ಹಿಂದೆ ಬರುತ್ತಿರುವ ನೂರಾರು ಹಳ್ಳಿಯ ಮಕ್ಕಳಲ್ಲಿ, ಪಾದದ ನೋವನ್ನು ಹೇಳಿಕೊಳ್ಳಲು ಯಾರೂ ಇಲ್ಲದೆ ಆಟವನ್ನೇ ಬಿಡುವವರು ಎಷ್ಟೋ. ಒಂದು ಎಕ್ಸರೇ, ಆರು ವಾರದ ವಿಶ್ರಾಂತಿ, ಅಳತೆಗೆ ತಕ್ಕ ಒಂದು ಜೊತೆ ಬೂಟು ಇಷ್ಟರಿಂದ ಉಳಿಯಬಹುದಾಗಿದ್ದ ಓಟಗಳು ಅವು.

ಇಷ್ಟೆಲ್ಲ ಕೇಳಿದ ಮೇಲೂ ಕಾಲೇಜಿನ ಹೆಸರು ಬೇಕೆನ್ನುವವರಿಗೆ ನನ್ನ ಉತ್ತರ ಹೀಗೆ. ಅಲ್ಲಿಯೇ ನೆಲಸುವುದು ನಿಶ್ಚಯ, ಖರ್ಚಿಗೆ ಆಧಾರ ಉಂಟು ಎಂದಾದರೆ, ಅಮೆರಿಕದ ಕಾಲೇಜುಗಳಲ್ಲಿ ಆಸ್ಪತ್ರೆಗೆ ಹತ್ತಿರವಾದದ್ದನ್ನು, ನಡಿಗೆಯನ್ನು ಅಳೆಯುವ ಪ್ರಯೋಗಾಲಯವುಳ್ಳದ್ದನ್ನು, ಆಟಗಾರರ ನಡುವೆ ಕೆಲಸ ಮಾಡುವ ಗುರುಗಳಿರುವುದನ್ನು ಆರಿಸಬೇಕು. ಊರಿಗೆ ಮರಳುವುದು ನಿಶ್ಚಯವಾದರೆ, ತೋಟವನ್ನು ಅಡವಿಡಬೇಕಾಗಿಲ್ಲ; ಇಲ್ಲಿನ ಫಿಸಿಯೋಥೆರಪಿಯನ್ನೋ ವೈದ್ಯವನ್ನೋ ಓದಿ, ಪಾದದ ವಿಶೇಷ ತರಬೇತಿಯನ್ನು ಅದರ ಮೇಲೆ ಕಟ್ಟಬೇಕು. ಹೊರದೇಶದ ಓದು ಬೇಕೆನಿಸಿದರೆ ಕೈಯಲ್ಲಿ ಒಂದು ವೃತ್ತಿ ಹಿಡಿದು ಆಮೇಲೆ ಹೋಗಬಹುದು. ಆಗ ಹೋಗುವವರಿಗೆ ಏನು ಕಲಿಯಬೇಕೆಂಬುದು ತಿಳಿದಿರುತ್ತದೆ. ಯಾವುದನ್ನೂ ನಿಶ್ಚಯಿಸುವ ಮೊದಲು ಹುಡುಗಿ ಒಂದು ವಾರ ಪಾದದ ಹುಣ್ಣುಗಳಿಗೆ ಕಟ್ಟು ಹಾಕುವ ಕೋಣೆಯಲ್ಲಿ ಅಪ್ಪಣೆ ಪಡೆದು ಕುಳಿತು ನೋಡಿ ಬರಲಿ. ಅಲ್ಲಿನ ವಾಸನೆ, ಅಲ್ಲಿನ ನಿಧಾನ, ಅಲ್ಲಿನ ಸಣ್ಣ ಗೆಲವುಗಳು ಇವನ್ನೆಲ್ಲ ಕಂಡ ಮೇಲೆಯೂ ಮನಸ್ಸು ಹಿಂದೆಗೆಯದಿದ್ದರೆ, ಅವಳಿಗೆ ಈ ವಿದ್ಯೆ ಒಲಿದೀತು.

ಪಾದವನ್ನು ಮುಟ್ಟಿ ನಮಸ್ಕರಿಸಲು ನಾವು ಬಾಗುತ್ತೇವೆ. ಅದನ್ನು ಗುಣಪಡಿಸಲೂ ಬಾಗಲೇಬೇಕು. ಪಾದವೈದ್ಯರು ಕೂರುವ ಪೀಠ ರೋಗಿಯ ಕುರ್ಚಿಗಿಂತ ಯಾವಾಗಲೂ ತಗ್ಗಿನದು. ಹಾಗೆ ತಗ್ಗಿ ಕೂರಲು ಸಿದ್ಧರಾದವರು ನಮ್ಮ ಮಲೆನಾಡಿಗೆ ನಾಲ್ಕು ಮಂದಿ ಬಂದರೂ ಸಾಕು, ಅವರು ಕೂರಲು ಒಂದು ಜಾಗವನ್ನು ನಾವು ಮಾಡಿಕೊಟ್ಟೇವು.